ಎಲ್ವಿಂಗ್ ಮನೆತನದ ಬಾವಿ

ಇದು ಅವರಿವರ ಬಾಯಿಂದ ಬಂದದ್ದಲ್ಲ. ನಮ್ಮ ಪಕ್ಕದ ಮನೆಯ ರೋಸಮಂಡ್ ಎಲ್ವಿಂಗ್‌ಗೆ ಆದದ್ದು. ಹಳೇ ಲಾರ್ಡ್ ಎಲ್ವಿಂಗ್ ಅವರ ಒಬ್ಬಳೇ ಮಗಳು. ದೊಡ್ಡ ಮನೆಯ ಹೆಣ್ಣನ್ನು ಅವಳು ಇವಳು ಅಂತೀನಲ್ಲ ಅಂದುಕೊಳ್ಳಬೇಡಿ. ಕೊನೆಕೊನೆಗೆ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಇದ್ದೆವು. ನನ್ನ ಅಡುಗೆಮನೆಯಲ್ಲೇ ಕೂತು, ದನಿ ತಗ್ಗಿಸಿ ಹೇಳಿದ್ದು ಇದು...

ಗಣಿ ಕಾರ್ಮಿಕರು ಮುಷ್ಕರ ಹೂಡಿದ ಚಳಿಗಾಲ. ಕಲ್ಲಿದ್ದಲು ಸಿಗುತ್ತಿರಲಿಲ್ಲ, ಹೊತ್ತಲ್ಲದ ಹೊತ್ತಲ್ಲಿ ಕರೆಂಟು ಹೋಗುತ್ತಿತ್ತು. ಅವತ್ತು ಮಧ್ಯಾಹ್ನ ರೋಸಮಂಡ್‌ಳ ಅಪ್ಪ ಲಾರ್ಡ್ ಜೆಫ್ರಿಯವರನ್ನು ಚರ್ಚಿನ ನೆಲದಡಿ, ಮನೆತನದ ಗೋರಿಯಲ್ಲಿ ಇಟ್ಟು ಕಲ್ಲು ಮುಚ್ಚಿದ್ದರು. ಆಮೇಲೆ ಚರ್ಚಿನ ಹಾಲ್‌ನಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್ಚು. ಅದು ಮುಗಿಯುವ ಹೊತ್ತಿಗೆ ದೀಪ ಹೋಯಿತು. ಜನ ಕತ್ತಲಲ್ಲೇ ತಡಕಾಡಿ ಕೋಟು ಹುಡುಕಿಕೊಂಡು ಮನೆ ಸೇರಿದರು.

ಇಬ್ಬರು ಮಾತ್ರ ಬಾವಿ ದಾರಿ ಹಿಡಿದರು. ಮುಂದೆ ರೋಸಮಂಡ್. ಹಿಂದೆ ಡೆನಿಸ್.

ಚರ್ಚಿನಿಂದ ಅವರ ಮನೆ ಎಲ್ವಿಂಗ್ ಹಾಲ್‌ಗೆ ಕಾರಿನ ರಸ್ತೆ ಸುತ್ತು. ಬಾವಿ ದಾರಿ ಹತ್ತಿರ, ಆದರೆ ನಡೆದೇ ಹೋಗಬೇಕು. ಎರಡೂ ಕಡೆ ಎದೆಯೆತ್ತರದ ಕಲ್ಲುಗೋಡೆ. ಮೇಲೆ ಹಳೇ ಯೂ ಮರಗಳು, ಹಗಲಲ್ಲೂ ಅಲ್ಲಿ ಬೆಳಕು ಕಮ್ಮಿ. ನಡುದಾರಿಯಲ್ಲಿ ಬಾವಿ.

ಡೆನಿಸ್ ಯಾರು ಅಂದರೆ... ಗ್ರಿಮ್ಸ್‌ಬಿ ಬಂದರಿನ ಮೀನು ವ್ಯಾಪಾರಿ. ಜೆಫ್ರಿಯವರು ಉಸಿರು ಬಿಟ್ಟ ಗಳಿಗೆಯಿಂದ ಹೊಸ ಲಾರ್ಡ್ ಎಲ್ವಿಂಗ್. ಈ ಪಟ್ಟ ಗಂಡಿಗೇ ಹೋಗುವುದು; ಮಗಳಿದ್ದರೂ ಇಲ್ಲದ ಲೆಕ್ಕ. ಜೆಫ್ರಿಯವರಿಗೆ ಗಂಡು ಮಕ್ಕಳಿರಲಿಲ್ಲ, ತಮ್ಮಂದಿರು ಯುದ್ಧದಲ್ಲಿ ಹೋಗಿದ್ದರು. ವಕೀಲರು ವಂಶವೃಕ್ಷದ ಕೊಂಬೆ ಕೊಂಬೆ ಹತ್ತಿ ಇಳಿದು ಹುಡುಕಿದಾಗ ಸಿಕ್ಕಿದವನು ಇವನು. ರೋಸಮಂಡ್‌ಳ ಮುತ್ತಜ್ಜನ ತಮ್ಮನೊಬ್ಬ ಮನೆಬಿಟ್ಟು ಹಡಗು ಹತ್ತಿದ್ದನಂತೆ. ಅವನ ಮರಿಮಗ. ಪಟ್ಟದ ಜೊತೆಗೇ ಮನೆ, ಹೊಲ, ಕಾಡು ಎಲ್ಲ ಅವನ ಪಾಲು. ಅವನೊಬ್ಬ ಇಲ್ಲದಿದ್ದರೆ ಪಟ್ಟ ಅಲ್ಲಿಗೇ ಮುಗಿಯುತ್ತಿತ್ತು, ಮನೆ ರೋಸಮಂಡ್‌ಗೂ ಅವಳ ಅಮ್ಮನಿಗೂ ಉಳಿಯುತ್ತಿತ್ತು.

ಅದಕ್ಕೇ ರೋಸಮಂಡ್‌ಗೆ ಅನುಮಾನ. ಆ ಹಡಗು ಹತ್ತಿದವನು ಮದುವೆಯಾದದ್ದು ಯಾವಾಗ? ಮಗ ಹುಟ್ಟಿದ ಮೇಲಲ್ಲವಾ? ಮದುವೆಯಾಚೆ ಹುಟ್ಟಿದವರ ಸಂತಾನಕ್ಕೆ ಪಟ್ಟವಿಲ್ಲ. ಬೆಳಿಗ್ಗೆ ಡೆನಿಸ್ ಹಾಲ್‌ನ ಮೆಟ್ಟಿಲು ಹತ್ತುವಾಗ ಅವಳು ಗೋಡೆಯ ಮೇಲಿನ ಪಟಗಳನ್ನೂ ಅವನ ಮುಖವನ್ನೂ ಒಟ್ಟಿಗೆ ನೋಡಿದಳು. ಆ ಮೂಗು ಯಾವ ಲಾರ್ಡ್‌ನದ್ದೂ ಅಲ್ಲ. ಅವನು ತಲೆಯೆತ್ತಿ ಚಾವಣಿ ನೋಡಿ, "ಇದು ಸೋರುತ್ತಾ?" ಅಂದ. ಬೆಲೆ ಕಟ್ಟುತ್ತಿದ್ದಾನೆ ಅಂದುಕೊಂಡಳು.

ಬಾವಿಯ ವಿಷಯ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅದರ ಬಾಯಿಗೆ ರೋಸಮಂಡ್ ಹುಟ್ಟುವುದಕ್ಕೂ ಮುಂಚೆಯೇ ಕಬ್ಬಿಣದ ಮುಚ್ಚಳ ಹಾಕಿ ಬೋಲ್ಟು ಬಿಗಿದಿದ್ದರು. ರಾಟೆ ಕಿತ್ತು ಗುಜರಿಗೆ ಹಾಕಿದ್ದರು. ಹಗ್ಗವಿಲ್ಲ, ಬಕೆಟ್ಟಿಲ್ಲ. ಆದರೂ ಹೊಸ ಲಾರ್ಡ್ ಹಳಬನನ್ನು ಮಣ್ಣು ಮಾಡಿ ಆ ದಾರಿಯಲ್ಲಿ ಬಂದರೆ ಅದು ಕೇಳುತ್ತದೆ. ಯಾರ ಮಗ, ಅಂತ. ಅಪ್ಪನ ಹೆಸರು ಹೇಳಬೇಕು. ಆಮೇಲೆ ಬಕೆಟ್ ಇಳಿಯುವ ಸದ್ದು ಬರುತ್ತದೆ. ಹೇಳಿದ್ದು ನಿಜವಾದರೆ ತುಂಬಿಕೊಂಡು ಮೇಲೆ ಬರುತ್ತದೆ. ಅಲ್ಲದಿದ್ದರೆ... ಒಣ ಕಲ್ಲಿಗೆ ಹೊಡೆಯುತ್ತದೆ. ಮೊದಲನೇ ಲಾರ್ಡ್‌ನನ್ನು ಸಾಕಿದ ದಾದಿ ಅದು ಅಂತಾರೆ. ತೊಟ್ಟಿಲಲ್ಲಿದ್ದ ಕೂಸು ಯಾರದ್ದು ಅಂತ ಅವಳೊಬ್ಬಳಿಗೇ ಗೊತ್ತಿತ್ತಂತೆ. ಒಂದು ಬೆಳಿಗ್ಗೆ ಬಾವಿಯಲ್ಲಿ ಸಿಕ್ಕಳಂತೆ.

ರೋಸಮಂಡ್ ಇದನ್ನೆಲ್ಲ ನಂಬುತ್ತಿದ್ದಳಾ? ಇಲ್ಲ ಅಂತಲೇ ಹೇಳುತ್ತಿದ್ದಳು. ಆದರೆ ಡೆನಿಸ್‌ನನ್ನು ಬೇಕೆಂದೇ ಆ ದಾರಿಗೆ ಕರೆತಂದವಳು ಅವಳು.

ಅವಳ ಅಮ್ಮ ಲೇಡಿ ಸಿಬಿಲ್ ಬೇಡ ಅಂದಿದ್ದರು. ಚರ್ಚಿನ ಬಾಗಿಲಲ್ಲಿ ಕಾರಿನ ಕಿಟಕಿ ಇಳಿಸಿ ಮಗಳ ತೋಳು ಹಿಡಿದುಕೊಂಡಿದ್ದರು.

"ರೋಜ್, ನೀನು ಕಾರಲ್ಲಿ ಬಾ."

"ಅವನಿಗೆ ದಾರಿ ಗೊತ್ತಿಲ್ಲಮ್ಮ."

"ಅವನು ಬೇಕಾದ್ರೆ ನಡೀಲಿ. ನೀನು ಬೇಡ."

"ಯಾಕೆ?"

ಲೇಡಿ ಸಿಬಿಲ್ ಮಗಳ ಕೋಟಿನ ತೋಳು ಎಳೆದು ಸರಿಮಾಡಿದರು. ಆಮೇಲೆ, "ಚಳಿ," ಅಂದರು.

ಮದುವೆಯಾಗಿ ಬಂದ ಮೇಲೆ ಅವರು ಒಂದು ದಿನವೂ ಬಾವಿ ದಾರಿ ತುಳಿದವರಲ್ಲ. ಮಂಡಿನೋವು ಅನ್ನುತ್ತಿದ್ದರು. ಮಂಡಿ ಚೆನ್ನಾಗಿದ್ದ ಕಾಲದಲ್ಲೂ ಅನ್ನುತ್ತಿದ್ದರು. ಅಮ್ಮನಿಗೆ ಡೆನಿಸ್ ಬಗ್ಗೆ ಏನೋ ಗೊತ್ತಿದೆ, ಮರ್ಯಾದೆಗೆ ಅಂಜಿ ಮುಚ್ಚಿಡುತ್ತಿದ್ದಾರೆ ಅಂತ ರೋಸಮಂಡ್ ಎಣಿಸಿದಳು. ತೋಳು ಬಿಡಿಸಿಕೊಂಡಳು.

ಹೀಗೆ ಇಬ್ಬರೂ ನಡೆದರು. ಟಕ್... ಟಕ್... ಅಂತ ಡೆನಿಸ್‌ನ ಹೊಸ ಶೂ.

"ಸ್ವಲ್ಪ ನಿಧಾನ, ಮೇಡಂ. ಶೂ ಕಾಲು ಕಚ್ತಾ ಇದೆ."

"ಮೇಡಂ ಅನ್ನಬೇಡಿ. ರೋಸಮಂಡ್ ಅನ್ನಿ."

"ಸರಿ, ರೋಸಮಂಡ್ ಮೇಡಂ."

ಅವಳು ನಗಲಿಲ್ಲ. ಇದು ಹುಡುಗಾಟವೋ, ನಾಟಕವೋ.

"ಒಂದು ಟಾರ್ಚ್ ತರಬಾರದಿತ್ತಾ?"

"ಈ ದಾರೀಲಿ ದೀಪ ಹಿಡಿಯಲ್ಲ. ಪದ್ಧತಿ."

"ನಮ್ಮ ಬಂದರಲ್ಲಿ ದೀಪ ಹಿಡಿಯೋದೇ ಪದ್ಧತಿ. ಇಲ್ಲಾಂದ್ರೆ ನೀರಲ್ಲಿರ್ತೀವಿ."

"ನಿಮ್ಮ ಅಜ್ಜನ ಬಗ್ಗೆ ಮನೇಲಿ ಏನಾದ್ರೂ ಹೇಳ್ತಿದ್ರಾ?"

"ಕುಡೀತಿದ್ದ ಅಂತಿದ್ರು."

"ಅವರ ಅಪ್ಪ-ಅಮ್ಮ ಎಲ್ಲಿ ಮದುವೆಯಾದ್ರು?"

ಶೂ ಸದ್ದು ಒಂದು ಹೆಜ್ಜೆ ತಪ್ಪಿತು. ಮತ್ತೆ ಟಕ್... ಟಕ್...

"ಇದಕ್ಕೇ ಬರ್ತೀರಿ ಅಂತ ಗೊತ್ತಿತ್ತು. ಬೆಳಿಗ್ಗೆಯಿಂದ ನನ್ನ ಮೂಗೇ ನೋಡ್ತಿದ್ದೀರಿ."

"ನೋಡಿದ್ರೆ ತಪ್ಪಾ?"

"ತಪ್ಪೇನಿಲ್ಲ. ವಕೀಲರೂ ಕೇಳಿದ್ರು. ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದು ಅವರೇ ಹುಡುಕ್ಕೊಂಡ್ರು. ನನ್ನ ಹೆಂಡ್ತಿ ನೆನ್ನೆಯಿಂದ ಅಳ್ತಾ ಕೂತಿದ್ದಾಳೆ. ಇನ್ನು ಮೇಲೆ ಲೇಡಿ ಅಂತ ಕರೀತಾರಂತೆ, ಮೀನು ಕೊಯ್ಯೋಕೆ ಕೂತ್ರೆ ಜನ ನಗ್ತಾರಂತೆ."

"ಬೇಡದಿದ್ರೆ ಬೇಡ ಅನ್ನಬಹುದಿತ್ತು."

"ಸೋರೋ ಮನೆ ಬೇಡ ಅನ್ನಬಹುದು," ಡೆನಿಸ್ ಅಂದ. "ಅಪ್ಪನ ಹೆಸರು ಬೇಡ ಅಂತ ಹೆಂಗನ್ನೋದು?"

ಮಾತು ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು ಅನ್ನಿಸಿ ಅವಳಿಗೆ ಇನ್ನಷ್ಟು ಅನುಮಾನವಾಯಿತು.

ದಾರಿ ತಿರುಗಿತು. ಯೂ ಮರದ ಕೆಳಗೆ ಕತ್ತಲಿಗಿಂತ ಕಪ್ಪಗೆ ಬಾವಿಯ ಕಟ್ಟೆ. ರೋಸಮಂಡ್ ನಡಿಗೆ ನಿಧಾನ ಮಾಡಿದಳು. ಡೆನಿಸ್ ಮುಂದಾಗಲಿ ಅಂತ ಗೋಡೆಗೆ ಸರಿದಳು. ಗಾಳಿಯಿರಲಿಲ್ಲ. ದೂರದ ಹೊಲದಲ್ಲಿ ಒಂದು ಕುರಿ ಕೆಮ್ಮಿತು, ಮನುಷ್ಯರು ಕೆಮ್ಮಿದ ಹಾಗೆ. ಅಷ್ಟೇ. ಡೆನಿಸ್ ಬಾವಿ ದಾಟಿದ. ಒಂದು ಹೆಜ್ಜೆ... ಇನ್ನೊಂದು...

ನಿಂತ.

"ಏನಂದ್ರಿ?" ಅಂದ.

"ನಾನು ಏನೂ ಅನ್ನಲಿಲ್ಲ."

ಮತ್ತೆ ಬಂತು. ಈ ಸಲ ಅವಳಿಗೂ ಕೇಳಿಸಿತು. ಮೇಲಿಂದಲ್ಲ, ಹಿಂದಿನಿಂದಲ್ಲ. ಕಬ್ಬಿಣದ ಮುಚ್ಚಳದ ಅಡಿಯಿಂದ. ಹಲ್ಲಿಲ್ಲದ ಬಾಯಿ ತೊಟ್ಟಿಲ ಪಕ್ಕ ಕೂತು ಮೆಲ್ಲಗೆ ಕೇಳಿದ ಹಾಗೆ, ಬೈಗುಳವಿಲ್ಲದ, ಆತುರವಿಲ್ಲದ ದನಿ.

"ಯಾರ ಮಗ...?"

ರೋಸಮಂಡ್‌ಳ ಬೆನ್ನು ತಣ್ಣಗಾಯಿತು. ಅದರ ಜೊತೆಗೇ ಒಳಗೆ ಒಂದು ಖುಷಿಯೂ ಎದ್ದಿತು ಅಂತ ಅವಳೇ ನನಗೆ ಹೇಳಿದಳು. ಈಗ ಗೊತ್ತಾಗುತ್ತೆ ಅಂತ.

"ಉತ್ತರ ಕೊಡಿ," ಪಿಸುಗುಟ್ಟಿದಳು.

"ಯಾರಿಗೆ?"

"ಕೊಡಿ."

ಡೆನಿಸ್ ಟೋಪಿ ತೆಗೆದ. ಯಾಕೆ ತೆಗೆದನೋ. "ಆರ್ಥರ್ ಎಲ್ವಿಂಗ್ ಮಗ," ಅಂದ. "ಗ್ರಿಮ್ಸ್‌ಬಿಯ ಆರ್ಥರ್."

ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ... ಕಿರ್ರ್... ಕಿರ್ರ್... ಇಲ್ಲದ ರಾಟೆ ತಿರುಗಿತು. ಹಗ್ಗ ಸರ್ರನೆ ಜಾರಿತು. ಕೆಳಗೆ, ತುಂಬಾ ಕೆಳಗೆ, ದುಬುಕ್. ನೀರು ಗಳಗಳ ಒಳನುಗ್ಗಿತು. ಮತ್ತೆ ಕಿರ್ರ್... ಕಿರ್ರ್... ಭಾರವಾಗಿ, ತಡೆತಡೆದು ಮೇಲೆ ಬಂತು. ತುಳುಕಿದ ನೀರು ಕಲ್ಲಿನ ಮೇಲೆ ಪಟ ಪಟ ಬಿತ್ತು.

ತುಂಬಿ ಬಂದಿತ್ತು.

ರೋಸಮಂಡ್ ಗೋಡೆ ಬಿಟ್ಟು ಈಚೆ ಬಂದಳು. ಮನೆ ಹೋಯಿತು. ಇಷ್ಟು ದಿನ ಸಾಕಿಕೊಂಡ ಅನುಮಾನವೂ ಹೋಯಿತು. ಇನ್ನೇನು, ನಡೆಯೋಣ ಅಂತ ಅವಳೂ ಬಾವಿ ದಾಟಿದಳು.

"ನೀನು?"

ಅವಳು ನಿಂತಳು. ಬಾವಿ ಹೆಣ್ಣುಮಕ್ಕಳನ್ನು ಕೇಳುತ್ತದೆ ಅಂತ ಯಾರೂ ಯಾವತ್ತೂ ಹೇಳಿರಲಿಲ್ಲ.

"ಯಾರ ಮಗಳು...?"

ಸಿಟ್ಟು ಬಂತು ಅವಳಿಗೆ. ಭಯಕ್ಕಿಂತ ಸಿಟ್ಟು ಹೆಚ್ಚು. ಇದೇ ಮಣ್ಣಲ್ಲಿ ಹುಟ್ಟಿದವಳನ್ನು, ಪಟ್ಟಕ್ಕೆ ಬೇಡವಾದವಳನ್ನು, ಬಾಗಿಲಲ್ಲಿ ನಿಲ್ಲಿಸಿ ಹೆಸರು ಕೇಳುವುದಾ. ತಲೆಯೆತ್ತಿ, ಡೆನಿಸ್‌ಗೂ ಕೇಳುವ ಹಾಗೆ ಹೇಳಿದಳು. "ಲಾರ್ಡ್ ಜೆಫ್ರಿ ಎಲ್ವಿಂಗ್ ಮಗಳು."

ಕಿರ್ರ್... ಕಿರ್ರ್... ಹಗ್ಗ ಜಾರಿತು. ಜಾರುತ್ತಲೇ ಇತ್ತು. ಅವಳು ದುಬುಕ್ ಸದ್ದಿಗೆ ಕಿವಿ ಕೊಟ್ಟಳು. ಇನ್ನೂ ಜಾರುತ್ತಿತ್ತು...

ಠಣ್.

ಒಣ ಕಲ್ಲಿಗೆ ಖಾಲಿ ಬಕೆಟ್. ಒಂದು ಸಲ ಹೊಡೆದು, ಹೊರಳಿ, ಗಡಗಡ ಅಂದು ಸುಮ್ಮನಾಯಿತು. ಯಾರೂ ಅದನ್ನು ಮೇಲೆ ಎಳೆಯಲಿಲ್ಲ.

ಡೆನಿಸ್ ಟೋಪಿ ಹಾಕಿಕೊಂಡು, "ನಡೀರಿ. ಚಳಿ ಹೆಚ್ಚಾಗ್ತಿದೆ," ಅಂದ.

"ನಿಮಗೆ ಕೇಳಿಸ್ತು."

"ಏನು?"

"ಕೇಳಿಸ್ತಲ್ಲ?"

"ನನಗೇನೂ ಕೇಳಿಸಲಿಲ್ಲ," ಅಂದ ಡೆನಿಸ್. "ಗಾಳಿ ಇರಬೇಕು."

ಗಾಳಿಯೇ ಇರಲಿಲ್ಲ. ಅವನು ಮೊಣಕೈ ಹಿಡಿದು ನಡೆಸಲು ಬಂದ. ಅವಳು ಕೊಸರಿಕೊಂಡಳು. ಇವನು ಇದನ್ನು ಎಲ್ಲಿ, ಯಾವಾಗ, ಯಾರ ಮುಂದೆ ಹೇಳುತ್ತಾನೆ ಅನ್ನುವುದೊಂದೇ ತಲೆಯಲ್ಲಿ. ಹೊರಟಾಗ ಅನುಮಾನ ಅವಳ ಕೈಯಲ್ಲಿತ್ತು. ಈಗ ಅವನ ಕೈಗೆ ಹೋಗಿತ್ತು.

ಹಾಲ್‌ನಲ್ಲಿ ಲೇಡಿ ಸಿಬಿಲ್ ಒಂದು ಮೇಣದಬತ್ತಿ ಹಚ್ಚಿಕೊಂಡು ಬೆಂಕಿಯಿಲ್ಲದ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದರು. ಕೋಟು ಕೂಡ ಬಿಚ್ಚಿರಲಿಲ್ಲ. ಡೆನಿಸ್ ಗುಡ್‌ನೈಟ್ ಹೇಳಿ ನೇರ ಮೇಲೆ ಹೋದ. ಅವನ ಹೆಜ್ಜೆ ಮೆಟ್ಟಿಲ ಮೇಲೆ ಮುಗಿಯುವ ತನಕ ಲೇಡಿ ಸಿಬಿಲ್ ಕಾದರು. ಅವನಿಗೆ ಏನಾಯಿತು ಅಂತಲೂ ಕೇಳಲಿಲ್ಲ.

"ನಿನ್ನನ್ನೂ ಕೇಳ್ತಾ?" ಅಂದರು.

ರೋಸಮಂಡ್ ಹೂಂ ಅಂದಳು.

"ಯಾರ ಹೆಸರು ಹೇಳಿದೆ?"

ಅಷ್ಟರಲ್ಲೇ ಎಲ್ಲ ಗೊತ್ತಾಗಿಹೋಯಿತು ಅವಳಿಗೆ. ಆದರೂ ನಿಂತಲ್ಲೇ ನಿಂತು, "ಅಪ್ಪನ ಹೆಸರು," ಅಂದಳು. "ಇನ್ಯಾರ ಹೆಸರು ಹೇಳಬೇಕಿತ್ತು?"

ಲೇಡಿ ಸಿಬಿಲ್ ಬೆರಳ ಉಂಗುರ ತಿರುಗಿಸಿದರು. "ಅವರಿಗೆ ಗೊತ್ತಿತ್ತು, ರೋಜ್. ನಿನ್ನಪ್ಪನಿಗೆ ಗೊತ್ತಿತ್ತು."

"ಯಾವ ಅಪ್ಪನಿಗೆ?"

"ನಿನಗೆ ಸೈಕಲ್ ಕಲಿಸಿದವರಿಗೆ," ಅಂದರು ಅಮ್ಮ. "ಸ್ಕಾರ್ಲೆಟ್ ಜ್ವರ ಬಂದಾಗ ಬಾಗಿಲ ಹೊರಗೆ ಕುರ್ಚಿ ಹಾಕ್ಕೊಂಡು ಮಲಗಿದವರಿಗೆ. ನಿನಗೆ ಹೆಸರಿಡೋ ದಿನ ಅವರೇ ಎತ್ಕೊಂಡು ಚರ್ಚಿಗೆ ಹೋದ್ರು. ಸುತ್ತು ದಾರೀಲಿ. ನಾನು ಬೇಡಿಕೊಂಡಿರಲಿಲ್ಲ. ಬಾವಿ ದಾರಿ ಬಿಟ್ಟು ಅವರಾಗೇ ಕಾರು ತೆಗೆದ್ರು."

ಮೇಣ ಕರಗಿ ತಟ್ಟೆಗೆ ಬಿತ್ತು.

"ಹೆಸರು ಹೇಳಿ," ಅಂದಳು ರೋಸಮಂಡ್.

"ನಾಳೆ ಹೇಳ್ತೀನಿ. ಅವರನ್ನ ಮಣ್ಣು ಮಾಡಿದ ದಿನ ಬೇಡ."

ಅವಳು ಅಮ್ಮನನ್ನು ಮೇಲಕ್ಕೆ ಕರೆದುಕೊಂಡು ಹೋಗಿ ಮಲಗಿಸಿದಳು. ಲೇಡಿ ಸಿಬಿಲ್‌ಗೆ ಆಗಲೇ ಒಬ್ಬರು ಹಿಡಿದುಕೊಳ್ಳದೆ ಮೆಟ್ಟಿಲು ಹತ್ತಲು, ಇಳಿಯಲು ಆಗುತ್ತಿರಲಿಲ್ಲ. ಕೋಲು ಮಂಚಕ್ಕೆ ಒರಗಿಸಿ, ಬಾಗಿಲು ಮುಂದೆ ಮಾಡಿ ಬಂದಳು.

ನಿದ್ದೆ ಎಲ್ಲಿಂದ ಬರಬೇಕು. ಚಳಿಗೆ ಮನೆಯ ಮರವೆಲ್ಲ ಚಟ್ ಚಟ್ ಅನ್ನುತ್ತಿತ್ತು. ಯಾವಾಗಲೋ ಕೆಳಗೆ ಹಿಂಬಾಗಿಲ ಅಗುಳಿ ಸರಕ್ ಅಂತು. ಅವಳು ಎದ್ದು ಕೂತಳು. ಡೆನಿಸ್. ಮೊದಲು ಬಂದ ಯೋಚನೆಯೇ ಅದು. ಬೆಳ್ಳಿ ಸಾಮಾನು ಹೊರಗೆ ಸಾಗಿಸುತ್ತಿದ್ದಾನಾ? ಇಲ್ಲ, ಬಾವಿಯ ಹತ್ತಿರ ಹೋಗಿ ಏನಾದರೂ ಕಳ್ಳಾಟ ಹೂಡಿದ್ದಾನಾ? ಆ ಬಕೆಟ್ಟು, ಆ ದನಿ, ಎಲ್ಲ ಇವನೇ ಯಾರಿಂದಲೋ ಮಾಡಿಸಿದ್ದಾ? ಹಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತಲೂ ಅನ್ನಿಸಿತಂತೆ.

ಬರಿಗಾಲಲ್ಲಿ ಪಡಸಾಲೆ ದಾಟಿ ಅವನ ಬಾಗಿಲಿಗೆ ಕಿವಿ ಕೊಟ್ಟಳು. ಒಳಗೆ ಗೊರಕೆ. ದಣಿದ ಗಂಡಸಿನ ನಿಜವಾದ ಗೊರಕೆ, ನಡುನಡುವೆ ಕಟ್ಟಿ ಬಿಡುವಂಥದ್ದು.

ಅವಳು ಅಲ್ಲೇ ನಿಂತಿದ್ದಳು. ಆಗ ದೂರದಿಂದ, ಯೂ ಮರಗಳ ಕಡೆಯಿಂದ ಬಂತು. ಕಿರ್ರ್... ಕಿರ್ರ್... ದುಬುಕ್. ಆಮೇಲೆ ತುಂಬಾ ನಿಧಾನವಾಗಿ, ಎಳೆಯುವವರಿಗೆ ಕಸುವಿಲ್ಲ ಅನ್ನುವ ಹಾಗೆ, ನಿಂತು ನಿಂತು... ಕಿರ್ರ್... ಕಿರ್ರ್...

ಹಾಸಿಗೆಗೆ ಹೋಗಿ ಕಂಬಳಿ ಹೊದ್ದುಕೊಂಡಳು. ಅಮ್ಮನ ಕೋಣೆಗೆ ಹೋಗಿ ನೋಡಬೇಕಿತ್ತು. ನೋಡಲಿಲ್ಲ.

ಬೆಳಿಗ್ಗೆ ಲೇಡಿ ಸಿಬಿಲ್ ಹಾಸಿಗೆಯಲ್ಲೇ ಇದ್ದರು. ಮುಖ ಬಿಳಿಚಿತ್ತು, ಆದರೆ ಎಷ್ಟೋ ವರ್ಷಗಳಿಂದ ಕಾಣದ ಒಂದು ನೆಮ್ಮದಿ ಇತ್ತು. ಕೈ ಎರಡೂ ಕಂಬಳಿಯೊಳಗೆ. ಮಗಳನ್ನು ಹತ್ತಿರ ಕರೆದರು.

"ನಾನೇ ಹೇಳಿದ್ದೀನಿ," ಅಂದರು. "ಇನ್ನು ನಿನ್ನನ್ನ ಕೇಳಲ್ಲ."

"ಯಾರಿಗೆ ಹೇಳಿದ್ರಿ?"

ಮಗಳ ಕಿವಿ ಹತ್ತಿರ ತರಿಸಿಕೊಂಡು, ನಿನ್ನೆ ಮುಂದೂಡಿದ್ದ ಆ ಹೆಸರು ಹೇಳಿದರು. ಆ ಹೆಸರು ರೋಸಮಂಡ್ ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಬದುಕಿಲ್ಲದವರದ್ದು ಅಂತ ಮಾತ್ರ ಅಂದಳು.

ಅವತ್ತೇ ಅವಳು ಬಾವಿಗೆ ಹೋಗಿ ಬಂದಳು. ಮುಚ್ಚಳ ಇದ್ದ ಹಾಗೇ ಇತ್ತು. ಬೋಲ್ಟುಗಳು ತುಕ್ಕು ಹಿಡಿದು ಕಬ್ಬಿಣದಲ್ಲಿ ಒಂದಾಗಿ ಹೋಗಿದ್ದವು. ಮುಚ್ಚಳಕ್ಕೂ ಕಟ್ಟೆಗೂ ನಡುವೆ ಜೇಡರಬಲೆ, ಅದರ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಒಂದು ಎಳೆಯೂ ಹರಿದಿರಲಿಲ್ಲ.

ಡೆನಿಸ್‌ನ ಮೇಲೆ ಹೂಡಬೇಕೆಂದಿದ್ದ ತಕರಾರನ್ನು ಅವಳು ಕೈಬಿಟ್ಟಳು. ಯಾಕೆ ಅಂತ ವಕೀಲರಿಗೆ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಲೇಡಿ ಸಿಬಿಲ್ ತೀರಿಕೊಂಡರು. ಹಾಲ್‌ನಲ್ಲೇ ಇರಿ ಅಂತ ಡೆನಿಸ್ ಹೇಳಿದ, ಅವನ ಹೆಂಡತಿಯೂ ಬಂದು ಹೇಳಿದಳು. ರೋಸಮಂಡ್ ಒಪ್ಪಲಿಲ್ಲ, ನಮ್ಮ ಸಾಲಿನ ಮನೆಗೆ ಬಂದಳು. ಡೆನಿಸ್ ಆ ರಾತ್ರಿಯ ಮಾತನ್ನು ಸಾಯುವ ತನಕ ಒಬ್ಬರ ಮುಂದೆಯೂ ಎತ್ತಲಿಲ್ಲ. ಆದರೂ ಅವಳ ಅನುಮಾನ ಹೋಗಲಿಲ್ಲ. ಪ್ರತೀ ಕ್ರಿಸ್ಮಸ್‌ಗೆ ಅವನು ಹೊಗೆಯಾಡಿಸಿದ ಹೆರಿಂಗ್ ಮೀನಿನ ಡಬ್ಬಿ ಕಳಿಸುತ್ತಿದ್ದ. ಅವಳು ಮೊದಲನೇ ಮೀನನ್ನು ನನ್ನ ಬೆಕ್ಕಿಗೆ ಹಾಕಿ, ಅದು ತಿಂದು ಮೀಸೆ ನೆಕ್ಕಿಕೊಳ್ಳುವ ತನಕ ಕಾಯುತ್ತಿದ್ದಳು. "ನನ್ನ ಬೆಕ್ಕೇ ಆಗಬೇಕಾ?" ಅಂದರೆ, "ನಾನು ಬೆಕ್ಕು ಸಾಕಿಲ್ಲವಲ್ಲ," ಅನ್ನುತ್ತಿದ್ದಳು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ರೋಸಮಂಡ್ ಹೇಳಿದ್ದಷ್ಟೇ ಆಗಿದ್ದರೆ ನಾನೂ ಅರ್ಧ ನಂಬಿ ಅರ್ಧ ಬಿಡುತ್ತಿದ್ದೆ. ಆದರೆ ಆ ಮನೆಯಲ್ಲಿ ಅಡುಗೆಗೆ ಇದ್ದವಳು ನಮ್ಮಮ್ಮ. ಅವತ್ತು ಬೆಳಿಗ್ಗೆ ಅವಳು ಚಹಾ ತೆಗೆದುಕೊಂಡು ಹೋದಾಗ ಲೇಡಿ ಸಿಬಿಲ್ ಕಪ್ಪು ಹಿಡಿಯಲಾರದೆ ಹೋದರು. ಕಂಬಳಿ ಸರಿಸಿ ನೋಡಿದರೆ ಎರಡೂ ಅಂಗೈ ಚರ್ಮ ಸುಲಿದು ಕೆಂಪಗಾಗಿತ್ತು. ಕೆಟಲ್ ತಾಗಿತು ಅಂದರಂತೆ. ಸುಟ್ಟ ಗಾಯ ನಮ್ಮಮ್ಮ ಬೇಕಾದಷ್ಟು ನೋಡಿದವಳು, ಇದು ಅದಲ್ಲ. ಕಿಟಕಿಯ ಬೆಳಕಿಗೆ ಕೈ ಹಿಡಿದು, ಹುಬ್ಬಿನ ಕೂದಲು ಕೀಳುವ ಚಿಮಟದಿಂದ ಒಂದೊಂದಾಗಿ ತೆಗೆದಳು, ಸೆಣಬಿನ ಹಗ್ಗದ ಎಳೆಗಳನ್ನು. ತಟ್ಟೆಯಲ್ಲಿ ಹಾಕುತ್ತಾ ಹೋದಳು. ಹೊಸ ಹಗ್ಗ, ಬಣ್ಣ ಇನ್ನೂ ಮಾಸಿರಲಿಲ್ಲ. ಒದ್ದೆಯಾಗಿತ್ತು. ನಮ್ಮಮ್ಮ ಕಣ್ಣಾರೆ ಕಂಡದ್ದು ಇದು, ಕೈಯಾರೆ ತೆಗೆದದ್ದು.